ನನ್ನ ಹೆಸರು, ಕಳ್ಳನ ಪತ್ರ

ಆಷಾಢದ ಒಂದು ಮುಂಜಾವು. ಘಟಪ್ರಭೆಗೆ ಕೆಂಪನೆಯ ಹೊಸನೀರು ಬಂದಿತ್ತು. ಗೋಕಾಕದ ಜಲಪಾತವನ್ನು ನೋಡಬೇಕೆಂದು ಬಂದಿದ್ದ ನೆಂಟರಿಂದ ಮನೆ ತುಂಬಿತ್ತು. ಊರಿಗೆ ಮರಳುವವರ ಕೈಗೆ ಕರದಂಟಿನ ಡಬ್ಬಿಗಳನ್ನು ಕೊಡುವ ಸಡಗರದಲ್ಲಿ ನಾನಿದ್ದಾಗ ಫೋನು ಮೊಳಗಿತು. ಮಾತನಾಡಿದವರು ಮೂಡಲಗಿಯಲ್ಲಿರುವ ನನ್ನ ಹಳೆಯ ಮಾಸ್ತರರು. ಎಂಬತ್ತು ದಾಟಿದ್ದರೂ ಕಾಗುಣಿತದ ತಪ್ಪು ಅವರ ಕಣ್ಣಿನಿಂದ ಇಂದಿಗೂ ತಪ್ಪಿಸಿಕೊಳ್ಳಲಾರದು.

“ತಮ್ಮಾ, ಬೊಜ್ಜು ಕರಗಿಸೋ ಪುಡಿ ಮಾರಾಕ ನೀ ಯಾವಾಗಿಂದ ಸುರು ಮಾಡಿದಿ?” ಎಂದು ಕೇಳಿದರು.

ನನ್ನ ಹೆಸರಿನಲ್ಲಿ, ನನ್ನದೇ ವಿಳಾಸದಿಂದ, ಅವರ ಮಿಂಚಂಚೆಗೆ ಒಂದು ಪತ್ರ ಬಂದಿತ್ತಂತೆ. ಮೂವತ್ತು ದಿನಗಳಲ್ಲಿ ಹೊಟ್ಟೆ ಇಳಿಸುವ ಪುಡಿಯ ವರ್ಣನೆ. ಕೆಳಗೆ ಒತ್ತಬೇಕಾದ ಒಂದು ಕೊಂಡಿ. “ಒತ್ತಿದಿರೇನು ಸರ್?” ಎಂದೆ. “ನನ್ನ ಹೊಟ್ಟಿ ಬೆನ್ನಿಗೆ ಹತ್ತಿ ಮೂವತ್ತು ವರ್ಷ ಆತು, ನಾ ಯಾಕ ಒತ್ತಲಿ?” ಎಂದರು. ಇಬ್ಬರೂ ನಕ್ಕೆವು. ಇಂಥ ಕಸದ ಪತ್ರಗಳು ಈಗ ಎಲ್ಲರಿಗೂ ಬರುತ್ತಿರುತ್ತವೆ, ಬೀದಿಯ ಧೂಳಿನಂತೆ ಅದಕ್ಕೆ ಉಪಾಯವಿಲ್ಲ ಎಂದು ದೊಡ್ಡ ಬಲ್ಲವನಂತೆ ಹೇಳಿ ಫೋನು ಇಟ್ಟೆ. ಕರದಂಟಿನ ಡಬ್ಬಿಗೆ ದಾರ ಕಟ್ಟುವ ಕೆಲಸ ಮುಂದುವರಿಯಿತು.

ವಾಚಕರೇ, ಆ ನಗೆಯ ಬೆಲೆ ಹದಿನೈದು ಸಾವಿರ ರೂಪಾಯಿ. ಅದನ್ನು ತೆತ್ತವನು ನಾನಲ್ಲ. ಹುಕ್ಕೇರಿಯಲ್ಲಿರುವ ನನ್ನ ಸೋದರಮಾವ. ಹೇಗೆಂಬುದನ್ನು ಹೇಳುವುದಕ್ಕಾಗಿಯೇ ಈ ವಾರದ ಪುಟ.

ಮಾಸ್ತರರು ಎಚ್ಚರಿಸಿದ ಮೂರನೆಯ ದಿನದಿಂದ ನನ್ನ ಅಂಚೆಪೆಟ್ಟಿಗೆಯಲ್ಲಿ ವಿಚಿತ್ರವಾದ ತಿಳಿವಳಿಕೆ ಪತ್ರಗಳು ಬೀಳತೊಡಗಿದವು. ‘ನೀವು ಕಳಿಸಿದ ಪತ್ರ ತಲುಪಲಿಲ್ಲ, ಅಂಥ ವಿಳಾಸವಿಲ್ಲ’ ಎಂಬುದು ಅವುಗಳ ಸಾರಾಂಶ. ನಾನು ಎಂದೂ ಬರೆಯದ ವಿಳಾಸಗಳು. ಪ್ರತಿನಿತ್ಯ ಹತ್ತಾರು. ನಾನು ಅವನ್ನು ಓದದೆಯೆ ಅಳಿಸಿದೆ. ಏಳನೆಯ ದಿನ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆಂದು ಮನೆಗೆ ಬಂದಳು. ನಾನು ಅಳಿಸುತ್ತಿರುವುದನ್ನು ಹೆಗಲ ಮೇಲಿಂದ ನೋಡಿ ಗಾಬರಿಯಾದಳು.

“ಮಾಮಾ, ಮನಿಗೆ ಕಳ್ಳ ಹೊಕ್ಕಾನ. ನೀವು ಅವನ ಹೆಜ್ಜಿ ಒರಸಾಕ ಹತ್ತೀರಿ!”

ಆ ಹುಡುಗಿ ಅಂದು ನನಗೆ ಕಲಿಸಿದ್ದನ್ನು ಹಾಗೆಯೇ ಇಲ್ಲಿ ಒಪ್ಪಿಸುತ್ತೇನೆ. ನಮ್ಮ ಹೆಸರಿನಲ್ಲಿ ಕಸದ ಪತ್ರ ಹೋಗುವುದಕ್ಕೆ ಎರಡು ಬಗೆಗಳುಂಟು. ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಕಳಿಸುವವರ ಹೆಸರು ಬರೆಯಲು ಜಾಗವಿರುತ್ತಿತ್ತಲ್ಲವೆ? ಅಲ್ಲಿ ಯಾರು ಯಾರ ಹೆಸರನ್ನು ಬರೆದರೂ ಅಂಚೆಯಣ್ಣ ಕೇಳುತ್ತಿರಲಿಲ್ಲ. ಮಿಂಚಂಚೆಯ ಸಾಗಾಣಿಕೆಯ ನಿಯಮಗಳು 1982ರಲ್ಲಿ ರೂಪುಗೊಂಡಾಗಲೂ ಅದೇ ನಂಬಿಕೆ ನೆಲೆಗೊಂಡಿತ್ತು; ಕಳಿಸುವವನು ಬರೆದುಕೊಂಡ ಹೆಸರೇ ನಿಜವೆಂದು ಯಂತ್ರಗಳು ಒಪ್ಪುತ್ತಿದ್ದವು. ಹೀಗೆ ಹೊರಗಿನಿಂದಲೇ ಹೆಸರು ಕದಿಯುವುದು ಒಂದು ಬಗೆ. ಇದರಲ್ಲಿ ಕಳ್ಳ ನಮ್ಮ ಮನೆಯೊಳಗೆ ಕಾಲಿಟ್ಟಿರುವುದಿಲ್ಲ. ಇನ್ನೊಂದು ಬಗೆಯಲ್ಲಿ ಅವನು ನಮ್ಮ ಗುಪ್ತಪದವನ್ನು, ಎಂದರೆ ಎಲ್ಲರ ಬಾಯಲ್ಲಿರುವ ಪಾಸ್‌ವರ್ಡನ್ನು, ಸಂಪಾದಿಸಿ, ನಮ್ಮದೇ ಬೀಗ ತೆರೆದು, ನಮ್ಮದೇ ಮೇಜಿನ ಮುಂದೆ ಕುಳಿತು ಪತ್ರ ಬರೆಯುತ್ತಾನೆ.

ಇವೆರಡರಲ್ಲಿ ಯಾವುದು ನಡೆದಿದೆಯೆಂದು ತಿಳಿಯುವುದು ಕಷ್ಟವಲ್ಲ. ಕಳಿಸಿದ ಪತ್ರಗಳ ಕಡತದಲ್ಲಿ ನಾವು ಬರೆಯದ ಪತ್ರಗಳಿವೆಯೆ ಎಂದು ನೋಡಬೇಕು. ಖಾತೆಯ ಭದ್ರತೆಯ ಪುಟದಲ್ಲಿ, ಯಾವ ಯಾವ ಯಂತ್ರದಿಂದ, ಯಾವ ಊರಿನಿಂದ, ಎಷ್ಟು ಹೊತ್ತಿಗೆ ಖಾತೆ ತೆರೆಯಲ್ಪಟ್ಟಿತೆಂಬ ಪಟ್ಟಿಯಿರುತ್ತದೆ, ಅದನ್ನು ಓದಬೇಕು. ನಾನು ಅಂದಿನವರೆಗೆ ಆ ಪುಟವನ್ನು ಕಂಡವನೇ ಅಲ್ಲ. ಕಳಿಸಿದ ಪತ್ರಗಳ ಕಡತ ಸ್ವಚ್ಛವಾಗಿತ್ತು. ಕಳ್ಳ ಗುಡಿಸಿ ಹೋಗಿದ್ದ. ಆದರೆ ಪಟ್ಟಿ ಸುಳ್ಳು ಹೇಳಲಿಲ್ಲ. ನಾನು ಹೆಸರು ಮಾತ್ರ ಕೇಳಿದ್ದ ಎರಡು ಪರದೇಶದ ಪಟ್ಟಣಗಳಿಂದ, ನಾನು ಗೋಕಾಕದಲ್ಲಿ ಮಲಗಿ ನಿದ್ರಿಸುತ್ತಿದ್ದ ಹೊತ್ತಿನಲ್ಲಿ, ನನ್ನ ಖಾತೆ ತೆರೆದಿತ್ತು.

ಈ ಉಪದ್ರವ ಇಂದಿನದಲ್ಲ. ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ತಂತ್ರಜ್ಞ ಒಂದು ಯಂತ್ರದಿಂದ ಇನ್ನೊಂದಕ್ಕೆ ಮೊದಲ ಮಿಂಚಂಚೆಯನ್ನು ಕಳಿಸಿದ್ದು 1971ರಲ್ಲಿ. ಏಳು ವರ್ಷ ಕಳೆಯುವುದರೊಳಗಾಗಿ, 1978ರ ಮೇ ತಿಂಗಳಿನಲ್ಲಿ, ಗ್ಯಾರಿ ಥರ್ಕ್ ಎಂಬ ವ್ಯಾಪಾರದ ಮನುಷ್ಯ ತನ್ನ ಕಂಪನಿಯ ಗಣಕಯಂತ್ರಗಳ ಜಾಹೀರಾತನ್ನು ಸುಮಾರು 400 ಜನರಿಗೆ ಅವರು ಕೇಳದೆಯೇ ಕಳಿಸಿಬಿಟ್ಟ. ಬೈಗುಳ ಬಂದವು, ಜೊತೆಗೆ ಗಿರಾಕಿಗಳೂ ಬಂದರು. ಗಿರಾಕಿ ಬಂದ ಮೇಲೆ ಬೈಗುಳಕ್ಕೆ ಯಾರು ಅಂಜುತ್ತಾರೆ? ಇಂಥ ಪತ್ರಗಳಿಗೆ ಸ್ಪ್ಯಾಮ್ ಎಂಬ ಹೆಸರು ಆಮೇಲೆ ಬಂತು. ಅದು 1937ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಡಬ್ಬಿಯ ಮಾಂಸವೊಂದರ ಹೆಸರು. 1970ರಲ್ಲಿ ಬ್ರಿಟನ್ನಿನ ದೂರದರ್ಶನದ ವಿನೋದ ನಾಟಕವೊಂದರಲ್ಲಿ, ಫಲಾಹಾರ ಮಂದಿರದ ಬಹುತೇಕ ಎಲ್ಲ ತಿಂಡಿಗಳಲ್ಲೂ ಬೇಡವೆಂದರೂ ಅದೇ ಮಾಂಸವಿರುವುದನ್ನು ತೋರಿಸಿ ಜನರನ್ನು ನಗಿಸಿದರು. ಬೇಡವೆಂದರೂ ಬಡಿಸುವುದಕ್ಕೆ ಆ ಹೆಸರೇ ನಿಂತಿತು.

ಪರಿಚಿತರ ಹೆಸರೇ ಕಳ್ಳನಿಗೆ ಒಳ್ಳೆಯ ಮುಸುಕೆಂಬುದನ್ನು ಜಗತ್ತು ಚೆನ್ನಾಗಿ ಕಂಡದ್ದು 2000ದ ಮೇ ತಿಂಗಳಿನಲ್ಲಿ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ತಲೆಬರಹದ ಪತ್ರವೊಂದು ಫಿಲಿಪೈನ್ಸ್ ದೇಶದಿಂದ ಹೊರಟು, ತೆರೆದವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನು ತಾನೇ ಕಳಿಸಿಕೊಂಡು, ಕೆಲವೇ ದಿನಗಳಲ್ಲಿ ಲಕ್ಷಾಂತರ ಯಂತ್ರಗಳನ್ನು ಕೆಡಿಸಿತು. ಅಪರಿಚಿತನ ಪ್ರೇಮಪತ್ರವನ್ನು ತೆರೆಯದ ಮನುಷ್ಯ, ಸಹೋದ್ಯೋಗಿಯ ಹೆಸರು ಕಂಡು ತೆರೆದ. ಸಂಶಯಕ್ಕೆ ಒಳಗಾದವನನ್ನು ಶಿಕ್ಷಿಸಲು ಆ ದೇಶದಲ್ಲಿ ಆಗ ತಕ್ಕ ಕಾಯಿದೆಯೇ ಇರಲಿಲ್ಲವಾಗಿ ಅವನ ಬಿಡುಗಡೆಯಾಯಿತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 17ರಂದು. ಮರುವರ್ಷ, 2001ರಲ್ಲಿ, ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಒಂದು ಪೊಲೀಸ್ ಠಾಣೆ ತೆರೆಯಿತು.

ನಾವು ಅರಿಯದವರು, ಮೋಸಹೋದೆವು ಎಂದು ಕೊರಗುವವರಿಗಾಗಿ ಇನ್ನೊಂದು ಸಂಗತಿ. ಬೆಂಗಳೂರಿನ ವಿಪ್ರೋ ಸಂಸ್ಥೆಯನ್ನು ಅರಿಯದವರಾರು? ಲೋಕದ ಗಣಕಯಂತ್ರಗಳಿಗೆ ಚಿಕಿತ್ಸೆ ಮಾಡುವ ವೈದ್ಯರೇ ಅವರು. 2019ರ ಏಪ್ರಿಲ್‌ನಲ್ಲಿ ಅಲ್ಲಿಯ ಕೆಲವು ನೌಕರರ ಖಾತೆಗಳೇ ಮೋಸದ ಪತ್ರಗಳ ಬಲೆಗೆ ಬಿದ್ದ ಸುದ್ದಿ ಹೊರಬಿತ್ತು. ಸಂಸ್ಥೆಯೂ ಅದನ್ನು ಒಪ್ಪಿತು. ಹಾಗೆ ಒಳಹೊಕ್ಕವರು ಅಲ್ಲಿಂದಲೇ ಸಂಸ್ಥೆಯ ಗ್ರಾಹಕರ ಮೇಲೆ ಕೈಮಾಡಲು ಯತ್ನಿಸಿದರೆಂದು ವರದಿಯಾಯಿತು. ನಂಬಿಕೆಯುಳ್ಳ ಮನೆಯಿಂದ ಬಂದ ಪತ್ರವನ್ನು ಯಾರೂ ಸಂಶಯಿಸುವುದಿಲ್ಲ. ಆದುದರಿಂದಲೇ ಕಳ್ಳನಿಗೆ ಆ ಮನೆ ಬೇಕು. ದೊಡ್ಡ ಸಂಸ್ಥೆಗೂ ನನ್ನಂಥ ಬಡ ಬರಹಗಾರನಿಗೂ ಈ ಒಂದು ಮಾತಿನಲ್ಲಿ ಅಂತರವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಇತ್ತೀಚೆಗೆ ಮಿಂಚಂಚೆಯ ಕಂಪನಿಗಳು ಹೊರಗಿನಿಂದ ಹೆಸರು ಕದಿಯುವವರನ್ನು ಬಾಗಿಲಲ್ಲೇ ತಡೆಯಲು, ಪತ್ರ ನಿಜವಾಗಿ ಆ ಮನೆಯಿಂದಲೇ ಹೊರಟಿತೆ ಎಂದು ಪರೀಕ್ಷಿಸುವ ಗುಪ್ತ ಅಂಕಿತಗಳನ್ನು ಬಳಸುತ್ತಿವೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ರಾಶಿರಾಶಿಯಾಗಿ ಪತ್ರ ಕಳಿಸುವವರಿಗೆ ಇದನ್ನು ಕಡ್ಡಾಯವಾಗಿಸಿದವು. ಒಳ್ಳೆಯದೇ ಆಯಿತು. ಆದರೆ ಖೊಟ್ಟಿ ಕೀಲಿ ನಡೆಯದಾದಾಗ ಅಸಲು ಕೀಲಿಗೆ ಬೆಲೆ ಏರುತ್ತದೆ. ಬಹುಕಾಲದಿಂದ ಸದ್ಗೃಹಸ್ಥನೊಬ್ಬ ಬಳಸುತ್ತಿರುವ, ಎಂದೂ ಕೆಟ್ಟ ಹೆಸರು ಪಡೆಯದ ಖಾತೆಯೆಂದರೆ ಕಳ್ಳನ ಪಾಲಿಗೆ ಹೊನ್ನಿನ ಗಟ್ಟಿ. ‘ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ’ ಎಂದು ನಮ್ಮ ಕಡೆಯವರು ಆಡುತ್ತಾರಲ್ಲ, ಇಲ್ಲಿ ಯಾರದೋ ಹೆಸರಿನ ಮೇಲೆ ಕಳ್ಳನ ಜಾತ್ರೆ.

ನನ್ನ ಕೀಲಿ ಅವನ ಕೈಗೆ ಸಿಕ್ಕಿದ್ದಾದರೂ ಹೇಗೆ? ನನ್ನ ಪಾಸ್‌ವರ್ಡು ಮಗಳ ಹೆಸರು ಮತ್ತು ಅವಳು ಹುಟ್ಟಿದ ಇಸವಿ. ಅದೊಂದು ಪೆದ್ದುತನ. ಅದೇ ಪದವನ್ನು ಎಂದೋ ಒಂದು ದಿನ ಪಾತ್ರೆ ಕೊಳ್ಳಲು ಅಂತರಜಾಲದ ಅಂಗಡಿಯೊಂದರಲ್ಲೂ ಕೊಟ್ಟಿದ್ದೆ. ಅದು ಅದಕ್ಕಿಂತ ದೊಡ್ಡ ಪೆದ್ದುತನ. ಅಂಗಡಿಯ ದಫ್ತರ ಎಂದೋ ಕಳುವಾಗಿತ್ತು. ಕದ್ದ ಪಟ್ಟಿಯಲ್ಲಿರುವ ಪದಗಳನ್ನು ಬೇರೆ ಬೇರೆ ಬಾಗಿಲುಗಳಿಗೆ ಒಂದೊಂದಾಗಿ ಹಚ್ಚಿನೋಡುವ ಕೆಲಸವನ್ನು ಯಂತ್ರಗಳು ದಣಿವಿಲ್ಲದೆ ಮಾಡುತ್ತವೆ. ಇಂಥ ಕಳವುಗಳ ಗಾತ್ರವನ್ನು ಒಂದು ಮಾತಿನಿಂದ ಊಹಿಸಬಹುದು: 2013ರಲ್ಲಿ ನಡೆದ ಒಂದೇ ಕಳವಿನಲ್ಲಿ ಯಾಹೂ ಸಂಸ್ಥೆಯ ಎಲ್ಲ 300 ಕೋಟಿ ಖಾತೆಗಳಿಗೂ ಧಕ್ಕೆಯಾಗಿತ್ತೆಂದು 2017ರಲ್ಲಿ ಬಯಲಾಯಿತು. ನಮ್ಮ ವಿಳಾಸವು ಅಂಥ ಪಟ್ಟಿಗಳಲ್ಲಿ ಸೇರಿದೆಯೆ ಎಂದು ಹುಡುಕಿ ಹೇಳಲು ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯದ ತಜ್ಞ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. ನನ್ನ ಸೋದರಸೊಸೆ ನನ್ನ ವಿಳಾಸವನ್ನು ಅದರಲ್ಲಿ ಬರೆದಳು. ಉತ್ತರ ಬರಲು ಕ್ಷಣವೂ ಹಿಡಿಯಲಿಲ್ಲ. ನನ್ನ ಹೆಸರು ಮೂರು ಪಟ್ಟಿಗಳಲ್ಲಿತ್ತು.

‘ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯುಂಟು. ನಾವೂ ದಿಡ್ಡಿ ಬಾಗಿಲು ಹಾಕಲು ಕುಳಿತೆವು. ನಾನು ಆತುರದಿಂದ ಪಾಸ್‌ವರ್ಡು ಬದಲಿಸಹೊರಟೆ. ಹುಡುಗಿ ಕೈಹಿಡಿದು ತಡೆದಳು. “ಮೊದಲ ಯಂತ್ರ ಸ್ವಚ್ಛ ಐತೇನು ನೋಡ್ರಿ ಮಾಮಾ. ಒಳಗ ಬೇಹುಗಾರ ಇದ್ದರ ಹೊಸಾ ಪದಾನೂ ಅವಗ ಮುಟ್ಟತೈತಿ.” ಮಾತು ಸರಿಯೆನಿಸಿತು. ಯಂತ್ರವನ್ನು ಪರೀಕ್ಷಿಸಿ, ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಸುಧಾರಣೆಗಳನ್ನೆಲ್ಲ ಹಾಕಿಕೊಂಡ ಮೇಲೆಯೇ ಹೊಸ ಪದಕ್ಕೆ ಕೈಹಾಕಿದೆವು.

ಹೊಸ ಪದ ಹೇಗಿರಬೇಕು? ಅಂಕಿ, ಚಿಹ್ನೆಗಳ ಕಸರತ್ತಿಗಿಂತ ಉದ್ದವೇ ಮುಖ್ಯವೆಂದು ಅಮೆರಿಕದ ಸರಕಾರಿ ಮಾನಕ ಸಂಸ್ಥೆ 2017ರಲ್ಲೇ ಸೂಚಿಸಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಕೂಡಿಸಿದರೆ ನಮಗೆ ನೆನಪಿನಲ್ಲುಳಿಯುತ್ತದೆ, ಯಂತ್ರಕ್ಕೆ ಊಹೆಗೆ ಸಿಗದು. ‘ಕರದಂಟು ನವಿಲು ಬುಧವಾರ ಕೊಡಲಿ’ ಎಂಬಂತೆ. ದಯವಿಟ್ಟು ಯಾರೂ ಇದನ್ನೇ ಇಟ್ಟುಕೊಳ್ಳಬಾರದು, ಅಚ್ಚಾದದ್ದು ಗುಪ್ತವಲ್ಲ. ಮತ್ತು ಒಂದು ಬಾಗಿಲಿಗೆ ಒಂದೇ ಕೀಲಿ. ಅಂಗಡಿಗೆ ಕೊಟ್ಟದ್ದು ಅಂಚೆಗೆ ಬೇಡ. ಅಂಚೆಗೆ ಇಟ್ಟದ್ದು ಬ್ಯಾಂಕಿಗೆ ಬೇಡ.

ಪದ ಬದಲಿಸಿದೊಡನೆ ಕೆಲಸ ಮುಗಿಯಿತೆಂದು ನಾನು ಕಣ್ಣಕನ್ನಡಕ ತೆಗೆದೆ. ಮುಗಿದಿರಲಿಲ್ಲ. ಬೀಗ ಬದಲಿಸಿದರೂ ಒಳಗೆ ಕುಳಿತವನು ಒಳಗೇ ಇರಬಹುದಷ್ಟೆ. ಆದ್ದರಿಂದ ಎಲ್ಲ ಯಂತ್ರಗಳಿಂದಲೂ ಖಾತೆಯನ್ನು ಒಮ್ಮೆಲೆ ಮುಚ್ಚಿಸಿದೆವು. ಖಾತೆಯೊಳಗೆ ಕಾಲಿಡಲು ಎಂದೋ ಅಪ್ಪಣೆ ಕೊಟ್ಟಿದ್ದ, ಈಗ ಹೆಸರೂ ನೆನಪಿಲ್ಲದ ಆಪ್‌ಗಳಿಗೆ ಅಪ್ಪಣೆ ಹಿಂತೆಗೆದುಕೊಂಡೆವು. ಕೀಲಿ ಕಳೆದಾಗ ಮರಳಿ ಪಡೆಯಲು ಕೊಟ್ಟಿರುವ ಫೋನು ಸಂಖ್ಯೆ ಮತ್ತು ಇನ್ನೊಂದು ವಿಳಾಸ ನನ್ನವೇ ಆಗಿವೆಯೆ ಎಂದು ನೋಡಿದೆವು. ಬಹಳ ಕಡೆಗಳಲ್ಲಿ ಕಳ್ಳನು ಅಲ್ಲಿ ತನ್ನದನ್ನು ಸೇರಿಸಿಟ್ಟು ಮತ್ತೆ ಬರುತ್ತಾನಂತೆ. ಬಳಿಕ ಎರಡು ಹಂತದ ಪರೀಕ್ಷೆಯನ್ನು ನೆಲೆಗೊಳಿಸಿದೆವು. ಅದಾದ ಮೇಲೆ ಪದವೊಂದೇ ಸಾಲದು. ನನ್ನ ಕೈಯಲ್ಲಿರುವ ಫೋನೂ ಹೂಂಗುಟ್ಟಬೇಕು.

ಕೊನೆಗೆ ಅವಳು ತೆರೆದದ್ದು ನಾನು ಹೆಸರನ್ನೂ ಕೇಳದಿದ್ದ ಒಂದು ಮೂಲೆ. ಬರುವ ಪತ್ರಗಳನ್ನು ತಾನಾಗಿಯೇ ವಿಂಗಡಿಸುವ ಕಟ್ಟಳೆಗಳನ್ನು ಬರೆದಿಡುವ ಜಾಗ. ನಾನು ಅಲ್ಲಿ ಏನನ್ನೂ ಬರೆದವನಲ್ಲ. ಆದರೆ ಒಂದು ಕಟ್ಟಳೆ ಇತ್ತು: ಇಂಥ ಹನ್ನೊಂದು ವಿಳಾಸಗಳಿಂದ ಯಾವ ಪತ್ರ ಬಂದರೂ ನೇರವಾಗಿ ಕಸದ ಬುಟ್ಟಿಗೆ ಹೋಗತಕ್ಕದ್ದು. ಹನ್ನೊಂದು ವಿಳಾಸಗಳೂ ನನ್ನ ಆಪ್ತರವು. ಎಲ್ಲರೂ ಹಿರಿಯರು. ಕಳ್ಳ ನನ್ನ ಹಳೆಯ ಪತ್ರಗಳನ್ನು ಓದಿ ಆರಿಸಿದ್ದ. ಪುಡಿಯ ಜಾಹೀರಾತು ಎಲ್ಲರಿಗೆ. ಈ ಹನ್ನೊಂದು ಜನರಿಗೆ ಬೇರೆಯದೇ ಪತ್ರ.

ಕಸದ ಬುಟ್ಟಿಯನ್ನು ತೆರೆದೆವು. ಹತ್ತು ಜನ ಉತ್ತರಿಸಿರಲಿಲ್ಲ. ಉತ್ತರ ಒಂದೇ ಇತ್ತು, ಮೂರು ದಿನಗಳ ಹಿಂದಿನದು. ಹುಕ್ಕೇರಿಯ ಮಾಮಾ ಬರೆದದ್ದು. ಅಮೆರಿಕದಲ್ಲಿರುವ ಮಗಳಿಗೆ ಬರೆಯಬೇಕೆಂಬ ಒಂದೇ ಆಸೆಯಿಂದ ಎಪ್ಪತ್ತನೆಯ ವಯಸ್ಸಿನಲ್ಲಿ ಮಿಂಚಂಚೆ ಕಲಿತವರು ಅವರು. ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತಾರೆ. ಪತ್ರದಲ್ಲಿ ನಾಲ್ಕೇ ಸಾಲು: ಹದಿನೈದು ಸಾವಿರ ಕಳಿಸಿದ್ದೇನೆ. ನಿನ್ನ ಮಾಮಿಗೆ ಹೇಳಿಲ್ಲ. ಔಷಧ ತಪ್ಪಿಸಬೇಡ. ಗುಣವಾದ ಮೇಲೆ ಒಂದು ಮಾತು ತಿಳಿಸು.

ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕುಳಿತೆ.

ಆ ದಿನವೇ ಘಟಪ್ರಭಾ ಮಾರ್ಗವಾಗಿ ಹೋಗುವ ಬಸ್ಸು ಹಿಡಿದು ಹುಕ್ಕೇರಿಗೆ ನಡೆದೆ. ಹಳೆಯ ಗುಮ್ಮಟಗಳು ಮಳೆಯಲ್ಲಿ ತೊಯ್ದು ಕಪ್ಪಾಗಿದ್ದವು. ಮಾಮಾ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತು, ಅಡಿಗೆಯ ಮನೆಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: “ಪುಣೆದಿಂದ ಯಾವಾಗ ಬಂದಿ? ಇಷ್ಟ ಲಗೂ ದವಾಖಾನಿಯಿಂದ ಬಿಟ್ಟರೇನು?”

ನಾನು ಪುಣೆಗೆ ಹೋಗಿರಲಿಲ್ಲ, ಕಾಯಿಲೆಯೂ ಬಿದ್ದಿರಲಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಪುಣೆಯಲ್ಲಿ ಒಮ್ಮಿಂದೊಮ್ಮೆಲೆ ಆಸ್ಪತ್ರೆ ಸೇರಿದ್ದೇನೆ, ಫೋನು ಕೆಟ್ಟಿದೆ, ಮನೆಯವರು ಗಾಬರಿಯಾಗುತ್ತಾರಾದ್ದರಿಂದ ಯಾರಿಗೂ ಹೇಳಬೇಡಿ, ಈ ಖಾತೆಗೆ ಹಣ ಹಾಕಿ ಎಂದು ಇಂಗ್ಲಿಷಿನಲ್ಲಿ ಬಂದ ಆ ಪತ್ರವನ್ನು ಅವರು ಮಡಿಸಿ ಪಂಚಾಂಗದೊಳಗೆ ಇಟ್ಟಿದ್ದರು. ಮಳೆಯಲ್ಲಿ ಬ್ಯಾಂಕಿಗೆ ನಡೆದುಹೋಗಿ, ಚೀಟಿ ತುಂಬಿ, ಪಿಂಚಣಿಯ ಹಣವನ್ನು ಕಳಿಸಿದ್ದರು.

“ಮಾಮಾ, ನಾ ಎಂದರ ನಿಮಗ ಇಂಗ್ಲಿಷಿನಾಗ ಬರದೀನೇನ್ರಿ?” ಎಂದೆ.

“ಅದs ನನಗೂ ಅನ್ನಿಸ್ತು. ‘ಡಿಯರ್ ಅಂಕಲ್’ ಅಂತ ಓದಿ ಎರಡು ಸಲ ಕಣ್ಣು ಒರಸಿಕೊಂಡೆ. ಆಮ್ಯಾಲ, ಜಡ್ಡಿನಾಗ ಮಲಗಿದಾವ ಯಾರ ಕಡೆಯಿಂದರ ಬರಸಿರಬೇಕು ಅಂದುಕೊಂಡೆ. ಕೇಳಕೋತ ಕುಂತರ ಹೊತ್ತು ಹೋಗತೈತಿ. ಹುಸಿ ಇದ್ದರ ರೊಕ್ಕ ಹೋಗತಾವ, ಖರೇ ಇದ್ದರ ನೀ ಹೋಗತಿ.”

ವಾಚಕರೇ, ಮೋಸಹೋದವರನ್ನು ಪೆದ್ದರೆಂದು ನಗುವ ಚಾಳಿ ನಮ್ಮಲ್ಲಿದೆ. ಆ ದಿನದಿಂದ ನಾನು ಅದನ್ನು ಬಿಟ್ಟಿದ್ದೇನೆ. ಮಾಮಾ ಅವರಿಗೆ ಸಂಶಯ ಬರಲಿಲ್ಲವೆಂದಲ್ಲ. ಸಂಶಯಕ್ಕಿಂತ ನಾನು ಅವರಿಗೆ ದೊಡ್ಡವನಾಗಿದ್ದೆ. ಕಳ್ಳನ ಬಂಡವಾಳವೇ ಅದು. ಆದುದರಿಂದ ಅಂಥ ಪತ್ರದಲ್ಲಿ ಎರಡು ಮಾತು ಕಂಡೊಡನೆ, ಬರೆದವರು ಎಷ್ಟೇ ಪ್ರೀತಿಪಾತ್ರರಿರಲಿ, ಕೈ ತಡೆಯಬೇಕು: ‘ಕೂಡಲೇ’ ಎಂಬುದೊಂದು, ‘ಯಾರಿಗೂ ಹೇಳಬೇಡಿ’ ಎಂಬುದಿನ್ನೊಂದು. ನಿಜವಾದ ಕಷ್ಟದಲ್ಲಿರುವವನು ನಾಲ್ಕು ಜನರಿಗೆ ತಿಳಿಯಲೆಂದು ಬಯಸುತ್ತಾನೆ. ಗುಟ್ಟು ಬೇಕಾದದ್ದು ಕಳ್ಳನಿಗೆ. ಮೊದಲಿನಿಂದ ನಮ್ಮಲ್ಲಿರುವ ಸಂಖ್ಯೆಗೆ ಒಂದು ಫೋನು ಮಾಡಿದರೆ, ಅಥವಾ ನೆರೆಯವನನ್ನು ಕೇಳಿದರೆ, ಹತ್ತು ನಿಮಿಷಗಳಲ್ಲಿ ಬಣ್ಣ ಬಯಲಾಗುತ್ತದೆ.

ಮಾಮಾ ಅವರ ಮನೆಯಿಂದಲೇ 1930ಕ್ಕೆ ಫೋನು ಹಚ್ಚಿದೆವು. ಹಣದ ಸೈಬರ್ ವಂಚನೆಗೆಂದು ಕೇಂದ್ರ ಸರಕಾರ ಇಟ್ಟಿರುವ ಸಹಾಯವಾಣಿಯದು. ದೂರು ದಾಖಲಾದೊಡನೆ ಹಣ ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗೆ ಹರಿಯಿತೆಂದು ಬೆನ್ನಟ್ಟಿ, ಸಿಕ್ಕಲ್ಲಿ ತಡೆಹಿಡಿಯುವ ವ್ಯವಸ್ಥೆಯನ್ನು 2021ರಲ್ಲಿ ಏರ್ಪಡಿಸಿದ್ದಾರೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲೂ ದೂರು ಬರೆದೆವು. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿದೆವು. ಕಳ್ಳನ ಪತ್ರ, ಬ್ಯಾಂಕಿನ ಚೀಟಿ, ಪರದೇಶದ ಪಟ್ಟಣಗಳ ಹೆಸರಿದ್ದ ಆ ಪಟ್ಟಿ, ಎಲ್ಲದರ ಪ್ರತಿಗಳನ್ನು ಲಗತ್ತಿಸಿದೆವು. ಕೋಪದಿಂದ ಅವನ್ನು ಅಳಿಸಿಬಿಟ್ಟಿದ್ದರೆ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವವನಿಗೆ ನಮ್ಮ ಕಾಯಿದೆಯ 66-ಸಿ ಕಲಮಿನ ಮೇರೆಗೆ, ಇನ್ನೊಬ್ಬರಂತೆ ನಟಿಸಿ ಗಣಕಯಂತ್ರದ ಮೂಲಕ ವಂಚಿಸುವವನಿಗೆ 66-ಡಿ ಕಲಮಿನ ಮೇರೆಗೆ, ಮೂರು ವರ್ಷಗಳವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಉಂಟು. ಕಳ್ಳ ಸಿಗಲಿ ಬಿಡಲಿ, ದೂರು ಕೊಟ್ಟಿರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ನಾಳೆ ಆ ಪತ್ರದಿಂದ ಬೇರೆ ಯಾರಿಗಾದರೂ ನಷ್ಟವಾಗಿ ಅವರು ನನ್ನ ಬಾಗಿಲಿಗೆ ಬಂದರೆ, ಬರೆದವನು ನಾನಲ್ಲವೆನ್ನಲು ಅದೇ ದಾಖಲೆ.

ಆದರೆ ಮೂರು ದಿನಗಳಾಗಿದ್ದವು. ಅಂಥ ಹಣ ಗಂಟೆಗಳಲ್ಲಿ ಕೈಯಿಂದ ಕೈಗೆ ದಾಟುತ್ತದೆ. ಮೊದಲ ಒಂದೆರಡು ಗಂಟೆಗಳಲ್ಲಿ ಫೋನು ಮಾಡಿದವರಿಗೇ ಮರಳಿ ಸಿಗುವ ಆಸೆ ಹೆಚ್ಚು. ನಮ್ಮ ಹಣ ಎಲ್ಲಿಯೋ ಒಂದು ಯಂತ್ರದಿಂದ ನಗದಾಗಿ ಹೊರಬಿದ್ದಾಗಿತ್ತು. ಮೂಡಲಗಿಯ ಮಾಸ್ತರರು ಕೇಳಿದ ದಿನವೇ ನಾನು ಬೀಗ ಬದಲಿಸಿದ್ದರೆ ಮಾಮಾ ಅವರಿಗೆ ಆ ಪತ್ರ ಹೋಗುತ್ತಲೇ ಇರಲಿಲ್ಲ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಉತ್ತರ ಒಂದೇ ಬರುತ್ತದೆ.

ಗೋಕಾಕಕ್ಕೆ ಮರಳಿದ ಮೇಲೆ ಉಳಿದ ಹತ್ತು ಹಿರಿಯರಿಗೂ ಫೋನು ಮಾಡಿದೆ. ಇಬ್ಬರು ಹಣ ಹೊಂದಿಸುತ್ತಿದ್ದರು. ಉಳಿದ ಪರಿಚಿತರಿಗೆಲ್ಲ ಒಂದು ಪತ್ರ ಬರೆದೆ: ಇಂಥ ದಿನಗಳಲ್ಲಿ ನನ್ನ ಹೆಸರಿನಲ್ಲಿ ಬಂದ ಪತ್ರಗಳು ನನ್ನವಲ್ಲ, ಕೊಂಡಿಯನ್ನು ಒತ್ತಬೇಡಿ, ಒತ್ತಿದ್ದರೆ ನಿಮ್ಮ ಪಾಸ್‌ವರ್ಡನ್ನೂ ಬದಲಿಸಿ ಎಂದು. ಎಲ್ಲರ ವಿಳಾಸಗಳೂ ಎಲ್ಲರಿಗೂ ಕಾಣದಂತೆ ಬಿಸಿಸಿ ಎಂಬ ಮರೆಯ ಸಾಲಿನಲ್ಲಿ ಬರೆಯಬೇಕೆಂದು ಹುಡುಗಿ ಹೇಳಿಕೊಟ್ಟಳು. ಇಲ್ಲವಾದರೆ ಮುಂದಿನ ಕಳ್ಳನಿಗೆ ನಾನೇ ಸಿದ್ಧಪಟ್ಟಿ ಒದಗಿಸಿದಂತಾಗುತ್ತಿತ್ತು. ಆ ಪತ್ರ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ನಿಜ. ಬಹಳ ಜನ ಆ ನಾಚಿಕೆಯಿಂದಲೇ ಸುಮ್ಮನಿರುತ್ತಾರೆ. ಸುಮ್ಮನಿದ್ದಷ್ಟು ದಿನ ಕಳ್ಳ ನಮ್ಮ ಅಂಗಿ ತೊಟ್ಟು ತಿರುಗುತ್ತಾನೆ.

ಮೂಡಲಗಿಯಿಂದ ಮರುದಿನವೇ ಉತ್ತರ ಬಂತು. ಮಾಸ್ತರರು ಬರೆದಿದ್ದರು: ಈ ಪತ್ರದಲ್ಲಿ ಎರಡು ಕಡೆ ಒತ್ತಕ್ಷರ ತಪ್ಪಿದ್ದಿ, ಆದ್ದರಿಂದ ಇದು ನಿನ್ನದೇ ಎಂದು ನಂಬುತ್ತೇನೆ.

ಮುಂದಿನ ರವಿವಾರ ಹದಿನೈದು ಸಾವಿರ ರೂಪಾಯಿಗಳನ್ನು ಲಕೋಟೆಯಲ್ಲಿಟ್ಟುಕೊಂಡು ಮತ್ತೆ ಹುಕ್ಕೇರಿಗೆ ಹೋದೆ. ಮಾಮಾ ಲಕೋಟೆಯನ್ನು ಮುಟ್ಟಲಿಲ್ಲ. ನಾನು ಹಟ ಮಾಡಿದೆ. ಮಾಮಿ ಚಹ ತಂದಿಟ್ಟು, ಇಬ್ಬರನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದರು; ಅವರಿಗೆ ಎಲ್ಲವೂ ಗೊತ್ತಾಗಿತ್ತೆಂದು ನನಗೆ ಆಗ ಹೊಳೆಯಿತು. ಬಹಳ ಹೊತ್ತಿನ ಮೇಲೆ ಮಾಮಾ ನೋಟುಗಳನ್ನು ಎಣಿಸಿ, ಏಳೂವರೆ ಸಾವಿರವನ್ನು ತಾವಿಟ್ಟುಕೊಂಡು ಉಳಿದದ್ದನ್ನು ನನ್ನ ಕಡೆಗೆ ಸರಿಸಿದರು.

“ಅರ್ಧ ತಪ್ಪು ನಿಂದು, ಬಾಗಲಾ ಸಡ್ಲ ಬಿಟ್ಟಿದ್ದಿ. ಅರ್ಧ ನಂದು, ‘ಅಂಕಲ್’ ಅಂದಾಗ ತಿಳೀಬೇಕಿತ್ತು. ಲೆಕ್ಕ ಮುಗೀತು.”

ಲೆಕ್ಕ ಮುಗಿಯಿತೆಂದರೂ ಅವರ ಮುಖದಲ್ಲಿ ಇನ್ನೂ ಏನೋ ಇತ್ತು. ಹೊರಡುವಾಗ ಬಾಗಿಲವರೆಗೆ ಬಂದು, ಛತ್ರಿಯನ್ನು ನನ್ನ ಕೈಗೆ ಕೊಡುತ್ತ, ಕೇಳಿದರು: “ನಾಳೆ ಖರೇನ ನಿನಗ ಅಡಚಣಿ ಬಂದು ಬರದರ, ನಾ ಹೆಂಗ ನಂಬಲಿ?”

ನಾನು ನಿರುತ್ತರನಾದೆ. ಕಳ್ಳ ಕದ್ದದ್ದು ಹದಿನೈದು ಸಾವಿರವಲ್ಲ, ಈ ನಂಬಿಕೆಯನ್ನು ಎಂಬುದು ಆ ಕ್ಷಣಕ್ಕೆ ಅರ್ಥವಾಯಿತು. ಕೊನೆಗೆ ದಾರಿ ತೋರಿಸಿದವರೂ ಅವರೇ.

“ನಿಮ್ಮವ್ವ ಸಣ್ಣಾಕಿದ್ದಾಗ ನನಗ ಒಂದು ಹೆಸರಿಟ್ಟು ಕರೀತಿದ್ದಳು. ನೆನಪೈತೇನು? ಅದನ್ನ ಬರಿ. ಅದು ಯಾವ ಪತ್ರದಾಗೂ ಇಲ್ಲ.”

ನನಗೆ ನೆನಪಿತ್ತು. ನನ್ನ ತಾಯಿ ಕೊನೆಯ ದಿನಗಳಲ್ಲೂ ಅವರನ್ನು ಆ ಹೆಸರಿನಿಂದಲೇ ಕರೆದಿದ್ದಳು. ಆ ಹೆಸರನ್ನು ನಾನೆಂದೂ ಬರೆದವನಲ್ಲ. ಯಾವ ಯಂತ್ರದಲ್ಲೂ ಅದಿಲ್ಲ. ಪ್ರತಿಯೊಂದು ಮನೆಯಲ್ಲೂ ಇಂಥ ಒಂದು ಮಾತು ಇದ್ದೇ ಇರುತ್ತದೆ. ಈ ಹೊತ್ತು ಊಟಕ್ಕೆ ಕುಳಿತಾಗ ಹಿರಿಯರು ಕಿರಿಯರು ಸೇರಿ ಅದನ್ನು ಗೊತ್ತುಮಾಡಿಕೊಳ್ಳಿರಿ. ಅದಕ್ಕೆ ಖರ್ಚಿಲ್ಲ.

ನಮ್ಮ ಮನೆಯ ಮಾತು ಯಾವುದೆಂದು ಕೇಳುವಿರಾ? ಕ್ಷಮಿಸಬೇಕು. ಹೇಳಿದರೆ ಮಾಮಾ ಸಿಟ್ಟಾಗುತ್ತಾರೆ.